ಉಪಕಾರ ಪಡೆದವರ ಭಾರ: ಮೇರಿ ಲಾಸನ್ ಅವರ ‘ಕ್ರೋ ಲೇಕ್’

ತಂದೆತಾಯಿಯನ್ನು ಒಂದೇ ದಿನ ಕಳೆದುಕೊಂಡ ಮಕ್ಕಳ ಕಥೆಯನ್ನು ಬರೆಯಹೊರಟವರಿಗೆ ಎರಡು ಸುಲಭದ ದಾರಿಗಳು ಎದುರಿಗೇ ಕಾಣುತ್ತವೆ. ಮಕ್ಕಳನ್ನು ಕರುಣೆಯಿಲ್ಲದ ಬಂಧುಗಳ ಕೈಗೆ ಒಪ್ಪಿಸಿ ಓದುಗರಿಂದ ಕಣ್ಣೀರು ವಸೂಲು ಮಾಡುವುದು ಒಂದು. ಹಿರಿಯ ಮಗನನ್ನು ತ್ಯಾಗಮೂರ್ತಿಯಾಗಿ ಕಡೆದು ನಿಲ್ಲಿಸಿ ಉಳಿದವರೆಲ್ಲರೂ ಅವನಿಗೆ ಕೈಮುಗಿಯುವಂತೆ ಮಾಡುವುದು ಇನ್ನೊಂದು. ಕೆನಡಾ ಮೂಲದ ಲೇಖಕಿ ಮೇರಿ ಲಾಸನ್ ಅವರ ಮೊದಲ ಕಾದಂಬರಿ ‘ಕ್ರೋ ಲೇಕ್’ (2002) ಇವೆರಡನ್ನೂ ಬದಿಗಿಟ್ಟು, ಇಂಥ ಕಥೆಗಳಲ್ಲಿ ಸಾಮಾನ್ಯವಾಗಿ ಯಾರೂ ಎತ್ತದ ಪ್ರಶ್ನೆಯೊಂದನ್ನು ಎತ್ತುತ್ತದೆ: ಒಡಹುಟ್ಟಿದವರು ತಮ್ಮ ಪಾಲಿನದನ್ನು ಬಿಟ್ಟುಕೊಟ್ಟದ್ದರಿಂದ ಮೇಲೆ ಬಂದ ಮಗು, ದೊಡ್ಡದಾದ ಮೇಲೆ ಆ ಋಣವನ್ನು ಏನು ಮಾಡುತ್ತದೆ? ಕೃತಜ್ಞತೆಯಿಂದ ಹೊತ್ತುಕೊಳ್ಳುತ್ತದೆಯೇ, ನಾಚಿಕೆಯಿಂದ ಬಚ್ಚಿಡುತ್ತದೆಯೇ, ಅಥವಾ ಬಿಟ್ಟುಕೊಟ್ಟವರ ಬದುಕಿನ ಮೇಲೆ ದುರಂತವೆಂಬ ಷರಾ ಬರೆದು ಅದರಿಂದ ದೂರ ಸರಿದುಬಿಡುತ್ತದೆಯೇ? ಕಾದಂಬರಿಯ ನಿರೂಪಕಿ ಕೇಟ್ ಮಾರಿಸನ್ ಈ ಮೂರನ್ನೂ ಮಾಡುತ್ತಾಳೆ. ತಾನು ಹಾಗೆ ಮಾಡುತ್ತಿದ್ದೇನೆ ಎಂಬುದು ಅವಳಿಗೆ ಬಹುಕಾಲ ತಿಳಿಯುವುದೇ ಇಲ್ಲ.

ಕಥೆ ನಡೆಯುವುದು ಒಂಟಾರಿಯೊ ಪ್ರಾಂತ್ಯದ ಉತ್ತರ ಭಾಗದಲ್ಲಿ. ಕಾಡು, ಬಂಡೆ ಮತ್ತು ಸರೋವರಗಳ ನಡುವೆ ಕೆಲವೇ ಒಕ್ಕಲುಮನೆಗಳು, ಒಂದು ಚರ್ಚು, ಒಂದು ಶಾಲೆ, ಒಂದು ಅಂಗಡಿ ಇರುವ ಕ್ರೋ ಲೇಕ್ ಎಂಬ ಕಾಲ್ಪನಿಕ ಹಳ್ಳಿಯಲ್ಲಿ. ಮಾರಿಸನ್ ದಂಪತಿಗೆ ನಾಲ್ವರು ಮಕ್ಕಳು: 19 ವರ್ಷದ ಲೂಕ್, 17ರ ಮ್ಯಾಟ್, 7ರ ಕೇಟ್ ಮತ್ತು ಇನ್ನೂ ಎರಡು ವರ್ಷ ತುಂಬದ ಬೋ. ಲೂಕ್‌ಗೆ ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಸೀಟು ಸಿಕ್ಕಿರುತ್ತದೆ. ಆ ಸಂತೋಷದಲ್ಲಿ ಅವನಿಗೊಂದು ಸೂಟ್‌ಕೇಸ್ ಕೊಳ್ಳಲೆಂದು ತಂದೆತಾಯಿ ಹತ್ತಿರದ ಸ್ಟ್ರೂವನ್ ಪಟ್ಟಣಕ್ಕೆ ಹೊರಡುತ್ತಾರೆ. ದಾರಿಯಲ್ಲಿ ಮರದ ದಿಮ್ಮಿ ಸಾಗಿಸುವ ಲಾರಿಯೊಂದಕ್ಕೆ ಸಿಕ್ಕಿ ಇಬ್ಬರೂ ತೀರಿಕೊಳ್ಳುತ್ತಾರೆ. ಲಾಸನ್ ಅವರು ಈ ಅಪಘಾತವನ್ನು ಬಿಡಿಸಿ ವರ್ಣಿಸಲು ಹೋಗುವುದಿಲ್ಲ, ಮತ್ತು ಆ ಸೂಟ್‌ಕೇಸಿನ ಬಗ್ಗೆಯೂ ಹೆಚ್ಚು ಮಾತಾಡುವುದಿಲ್ಲ. ಆದರೆ ಮನೆಗೆ ಬಂದ ಶುಭಸುದ್ದಿಯೇ ಸಾವಿಗೆ ನೆಪವಾಯಿತು ಎಂಬ ಸಂಗತಿ ಲೂಕ್‌ನ ಮುಂದಿನ ಪ್ರತಿಯೊಂದು ನಿರ್ಧಾರದ ಹಿಂದೆಯೂ ಇರಬಹುದೆಂದು ಓದುಗನಿಗೆ ತಾನಾಗಿಯೇ ಹೊಳೆಯುತ್ತದೆ. ಪಾತ್ರಗಳು ಆಡದೆ ಬಿಟ್ಟ ಮಾತನ್ನು ಓದುಗನ ಕೈಗೆ ಹೀಗೆ ದಾಟಿಸುವುದು ಈ ಬರವಣಿಗೆಯ ದೊಡ್ಡ ಗುಣ.

ಮಾರಿಸನ್ ಮನೆತನ ಮೂಲತಃ ಕ್ವಿಬೆಕ್‌ನ ಪೂರ್ವದಂಚಿನ ಗ್ಯಾಸ್ಪೆ ಪರ್ಯಾಯ ದ್ವೀಪದ್ದು. ಸಾವಿನ ಸುದ್ದಿ ತಿಳಿದು ಅಲ್ಲಿಂದ ಬರುವವರು ಮಕ್ಕಳ ಸೋದರತ್ತೆ ಆನಿ. ಇಂಥ ಕಥೆಗಳಲ್ಲಿ ದೂರದಿಂದ ಬರುವ ನೆಂಟರೆಂದರೆ ಕೇಡು ಕಾದಿದೆಯೆಂದೇ ಅರ್ಥ, ಇಲ್ಲಿ ಹಾಗಾಗುವುದಿಲ್ಲ. ಆನಿ ಮಕ್ಕಳ ಮೇಲೆ ಪ್ರೀತಿಯುಳ್ಳ, ಲೆಕ್ಕಾಚಾರ ಬಲ್ಲ, ಮಾತು ಕಡಿಮೆಯಿರುವ ಹೆಂಗಸು. ಬಂಧುಗಳು ಕೂಡಿ ಮಾಡಿದ ಯೋಜನೆಯನ್ನು ಅವರು ಮಕ್ಕಳ ಮುಂದಿಡುತ್ತಾರೆ: ಮನೆಯನ್ನು ಮಾರುವುದು, ಗಂಡುಮಕ್ಕಳ ಓದಿಗೆ ಒಂದು ದಾರಿ ಮಾಡುವುದು, ಚಿಕ್ಕ ಹೆಣ್ಣುಮಕ್ಕಳನ್ನು ಬಂಧುಗಳ ಮನೆಗೆ ಕಳುಹಿಸುವುದು. ಯಾರ ಹತ್ತಿರವೂ ನಾಲ್ವರನ್ನೂ ಒಟ್ಟಿಗೆ ಸಾಕುವಷ್ಟು ಹಣವಿಲ್ಲ, ಸ್ಥಳವೂ ಇಲ್ಲ. ಯೋಜನೆಯಲ್ಲಿ ಕೆಟ್ಟತನ ಒಂದಿಷ್ಟೂ ಇಲ್ಲದಿರುವುದರಿಂದಲೇ ಅದು ಹೆಚ್ಚು ಭಯ ಹುಟ್ಟಿಸುತ್ತದೆ. ಎದುರಿಗೆ ವೈರಿಯಿದ್ದಿದ್ದರೆ ಲೂಕ್ ಜಗಳವಾಡಿ ಗೆಲ್ಲಬಹುದಿತ್ತು. ಇಲ್ಲಿ ಅವನು ಎದುರಿಸಬೇಕಾಗಿರುವುದು ಎಲ್ಲರೂ ಒಪ್ಪುವಂಥ ಒಂದು ನ್ಯಾಯವಾದ ಮಾತನ್ನು. ಆ ಮಾತನ್ನು ಕೇಳಿದ ಮೇಲೆ ಅವನು ತಾನು ಕಾಲೇಜಿಗೆ ಹೋಗುವುದಿಲ್ಲವೆಂದೂ, ತಂಗಿಯರನ್ನು ಇದೇ ಮನೆಯಲ್ಲಿ ತಾನೇ ಬೆಳೆಸುತ್ತೇನೆಂದೂ ಹೇಳಿಬಿಡುತ್ತಾನೆ.

ಲೂಕ್‌ನ ಈ ನಿರ್ಧಾರವನ್ನು ಕಾದಂಬರಿ ಎಲ್ಲಿಯೂ ಹೊಗಳುವುದಿಲ್ಲ. ಅದು ತಕ್ಷಣಕ್ಕೆ ಹುಟ್ಟಿಸುವುದು ಮೆಚ್ಚುಗೆಯನ್ನಲ್ಲ, ಜಗಳವನ್ನು. ಓದಿನಲ್ಲಿ ಮನೆಯಲ್ಲೇ ಮುಂದಿರುವವನು ಮ್ಯಾಟ್. ಅವನಿಗೆ ವಿದ್ಯಾರ್ಥಿವೇತನ ಸಿಕ್ಕೇ ಸಿಗುತ್ತದೆಂದು ಇಡೀ ಊರಿಗೆ ನಂಬಿಕೆ. ಲೂಕ್ ಅಂಥ ಜಾಣನಲ್ಲ, ಬಾಲ್ಯದಲ್ಲಿ ತಂದೆತಾಯಿಗೆ ತಲೆನೋವು ಕೊಟ್ಟವನು ಕೂಡ. ಹೀಗಿರುವಾಗ ಯಾರು ಓದಬೇಕು, ಯಾರು ದುಡಿಯಬೇಕು ಎಂಬುದು ಲೂಕ್‌ನ ಕಣ್ಣಿಗೆ ಸರಳವಾದ ಲೆಕ್ಕ. ಆ ಲೆಕ್ಕವನ್ನು ಒಪ್ಪುವುದು ಮಾತ್ರ ಮ್ಯಾಟ್‌ನಿಂದ ಆಗುವುದಿಲ್ಲ. ಅಣ್ಣನ ಬದುಕನ್ನು ಮೆಟ್ಟಿಲು ಮಾಡಿಕೊಂಡು ತಾನು ಮೇಲೇರುವುದು ಅವನಿಗೆ ಸಹಿಸಲಾಗದ ಅವಮಾನ. ಒಬ್ಬ ಕೊಡುತ್ತೇನೆಂದು ಹಟ ಹಿಡಿಯುತ್ತಾನೆ, ಇನ್ನೊಬ್ಬ ತೆಗೆದುಕೊಳ್ಳುವುದಿಲ್ಲವೆಂದು ಹಟ ಹಿಡಿಯುತ್ತಾನೆ. ಮಾತು ಮಾತಿಗೆ ಬೆಳೆಯುತ್ತದೆ. ಒಂದು ಸಂದರ್ಭದಲ್ಲಿ ಕೈಕೈ ಮಿಲಾಯಿಸುವವರೆಗೂ ಹೋಗುತ್ತದೆ. ಅದನ್ನೆಲ್ಲ ಏಳು ವರ್ಷದ ಹುಡುಗಿಯೊಬ್ಬಳು ನೋಡುತ್ತಾಳೆ. ಕೊಡುವ ಕೈ ಮೇಲು, ಪಡೆಯುವ ಕೈ ಕೆಳಗು ಎಂಬುದನ್ನು ನಾವು ಹಣದ ವ್ಯವಹಾರದಲ್ಲಿ ಬೇಗ ಒಪ್ಪಿಕೊಳ್ಳುತ್ತೇವೆ. ಒಂದೇ ತಟ್ಟೆಯಲ್ಲಿ ಉಂಡು ಬೆಳೆದವರ ನಡುವೆಯೂ ಅದು ನಿಜ ಎಂಬುದನ್ನು ಲಾಸನ್ ಅವರಷ್ಟು ನೇರವಾಗಿ ತೋರಿಸಿದ ಬರಹ ನನ್ನ ಓದಿನಲ್ಲಿ ಕಡಿಮೆ. ಮುಂದೆ ಕೇಟ್‌ಗೆ ಮ್ಯಾಟ್‌ನ ಮೇಲೆ ಯಾವ ಭಾವ ಬೆಳೆಯುತ್ತದೆಯೋ ಅದೇ ಭಾವದ ಮೊದಲ ರೂಪ ಮ್ಯಾಟ್‌ಗೆ ಲೂಕ್‌ನ ಮೇಲೆ ಇರುವುದನ್ನು ಇಲ್ಲಿಯೇ ಗುರುತಿಸಿಟ್ಟುಕೊಂಡರೆ ಕಾದಂಬರಿಯ ಉತ್ತರಾರ್ಧ ಚೆನ್ನಾಗಿ ಬಿಡಿಸಿಕೊಳ್ಳುತ್ತದೆ.

ಕಾದಂಬರಿಯ ಅತ್ಯುತ್ತಮ ಪುಟಗಳು ಆ ಮೊದಲ ವರ್ಷದ ಸಂಸಾರವನ್ನು ಕುರಿತವು. ಸತ್ತವರಿಗಾಗಿ ಅಳುವುದಕ್ಕೆ ಈ ಮನೆಯಲ್ಲಿ ಯಾರಿಗೂ ಬಿಡುವಿಲ್ಲ. ಮಗುವಿನ ಬಟ್ಟೆ ಒಗೆಯಬೇಕು, ಅದಕ್ಕೆ ಶೌಚದ ಪಾಟಿಯ ಮೇಲೆ ಕೂರುವ ಅಭ್ಯಾಸ ಮಾಡಿಸಬೇಕು, ಅಡುಗೆ ಮಾಡಬೇಕು, ಚಳಿಗಾಲ ಬರುವುದರೊಳಗೆ ಸೌದೆ ಕೂಡಿಡಬೇಕು, ಮಗುವನ್ನು ನೋಡಿಕೊಳ್ಳುತ್ತಲೇ ಸಂಬಳ ತರುವ ಕೆಲಸವನ್ನೂ ಹುಡುಕಬೇಕು. ಹತ್ತೊಂಬತ್ತರ ಹುಡುಗನೊಬ್ಬ ಇದನ್ನೆಲ್ಲ ಯಾರೂ ಹೇಳಿಕೊಡದೆ, ತಪ್ಪು ಮಾಡುತ್ತಾ, ಕಿರುಚಾಡುತ್ತಾ ಕಲಿಯುವ ಪರಿ ನಗುವನ್ನೂ ಸಂಕಟವನ್ನೂ ಒಟ್ಟಿಗೇ ತರುತ್ತದೆ. ಬೋ ಎಂಬ ಮಗುವಂತೂ ಈ ಮನೆಯ ಅತ್ಯಂತ ಬಲಶಾಲಿ ವ್ಯಕ್ತಿ. ಅಮ್ಮ ಎಲ್ಲಿ ಎಂದು ಕೇಳುವ ಮಾತು ಅವಳಿಗಿನ್ನೂ ಸರಿಯಾಗಿ ಬಾರದಿದ್ದರೂ ಪಾತ್ರೆಗಳನ್ನು ನೆಲಕ್ಕೆ ಬಡಿದು ತನ್ನ ಸಿಟ್ಟನ್ನು ಊರಿಗೆಲ್ಲ ತಿಳಿಸಬಲ್ಲಳು. ದೊಡ್ಡವರು ದುಃಖವನ್ನು ನುಂಗಿಕೊಂಡು ಕುಳಿತಿರುವ ಮನೆಯಲ್ಲಿ ಅದನ್ನು ಹೊರಗೆ ಹಾಕುವ ಹಕ್ಕು ಇರುವುದು ಅವಳೊಬ್ಬಳಿಗೇ. ಚರ್ಚಿನ ಹೆಂಗಸರು ಸರದಿಯಂತೆ ಊಟ ತಂದುಕೊಡುತ್ತಾರೆ. ಅವರಲ್ಲಿ ಒಬ್ಬರಾದ ಶ್ರೀಮತಿ ಸ್ಟಾನೊವಿಚ್ ಮಕ್ಕಳನ್ನು ನೋಡಿದಾಗಲೆಲ್ಲ ಕಣ್ಣೀರು ಸುರಿಸುತ್ತಾರೆ. ಮಾರಿಸನ್ ಮಕ್ಕಳಿಗೆ ಈ ಕಣ್ಣೀರು ಮುಜುಗರ. ಭಾವವನ್ನು ಹೊರಗೆ ತೋರಿಸಬಾರದೆಂಬುದು ಅವರ ಮನೆತನದಲ್ಲಿ ಬೈಬಲ್ಲಿನ ಹತ್ತು ಕಟ್ಟಳೆಗಳ ಜೊತೆಗೆ ಸೇರಿಕೊಂಡ ಹನ್ನೊಂದನೆಯದು ಎಂದು ಕೇಟ್ ಒಂದೆಡೆ ಹೇಳುತ್ತಾಳೆ. ಊರಿನವರ ಸಹಾಯವನ್ನು ಪಡೆಯುವುದರಲ್ಲಿರುವ ಇರಿಸುಮುರಿಸು, ಬೇಡವೆನ್ನಲಾಗದ ಅಗತ್ಯ, ಇಷ್ಟಾದರೂ ಆ ಸಹಾಯದ ಹಿಂದಿನ ನಿಜವಾದ ಒಳ್ಳೆಯತನ, ಇವನ್ನೆಲ್ಲ ಲಾಸನ್ ಅವರು ಒಂದೇ ದೃಶ್ಯದಲ್ಲಿ ಹಿಡಿದಿಡುತ್ತಾರೆ. ಯಾರನ್ನೂ ಗೇಲಿ ಮಾಡುವುದಿಲ್ಲ.

ಏಳು ವರ್ಷದ ಕೇಟ್‌ಳ ದುಃಖ ಮೌನದ ರೂಪದಲ್ಲಿದೆ. ಅವಳು ಮಾತು ಕಡಿಮೆ ಮಾಡುತ್ತಾಳೆ, ಮ್ಯಾಟ್‌ನ ಬೆನ್ನು ಬಿಡುವುದಿಲ್ಲ, ಅವನು ಹೊರಗೆ ಹೋದರೆ ತಿರುಗಿ ಬರುವನೋ ಇಲ್ಲವೋ ಎಂದು ಹೆದರುತ್ತಾಳೆ. ತಂದೆತಾಯಿ ಸೂಟ್‌ಕೇಸ್ ತರಲು ಹೋಗಿ ತಿರುಗಿ ಬರದಿದ್ದುದನ್ನು ಕಂಡ ಮಗುವಿಗೆ, ಮನೆಯಿಂದ ಹೊರಗೆ ಹೋಗುವ ಯಾರ ಮೇಲೂ ಭರವಸೆ ಉಳಿಯದಿರುವುದು ಸಹಜ. ಅವಳನ್ನು ಉಳಿಸುವುದು ಮನೆಯ ಹಿಂದಿನ ಕಾಡು ದಾಟಿ, ರೈಲುಹಳಿಯ ಆಚೆ, ಜಲ್ಲಿ ತೆಗೆದ ಹಳೆಯ ಗುಂಡಿಗಳಲ್ಲಿ ನೀರು ತುಂಬಿ ಆದ ಕೊಳಗಳು. ಮ್ಯಾಟ್ ಅವಳನ್ನು ಅಲ್ಲಿಗೆ ಕರೆದೊಯ್ದು ದಡದಲ್ಲಿ ಬೋರಲು ಮಲಗಿಸಿ ನೀರೊಳಗಿನ ಜೀವಿಗಳನ್ನು ತೋರಿಸುತ್ತಾನೆ. ನೀರಿನ ಮೇಲೆ ಮುಳುಗದೆ ಓಡಾಡುವ ಉದ್ದಕಾಲಿನ ಕೀಟ, ಗಾಳಿಯ ಗುಳ್ಳೆಯೊಂದನ್ನು ಮೈಗೆ ಅಂಟಿಸಿಕೊಂಡು ನೀರೊಳಗೆ ಇಳಿಯುವ ಜೀರುಂಡೆ, ಗೊದಮೊಟ್ಟೆಗೆ ಕಾಲು ಮೂಡುವ ಕ್ರಮ: ಇವೆಲ್ಲ ಆ ಮಗುವಿಗೆ ಪಾಠಗಳಲ್ಲ, ಕಾಲಡಿಯ ನೆಲ ಕುಸಿದಾಗ ಸಿಕ್ಕ ಆಧಾರ. ತಂಗಿಯನ್ನು ಸಂತೈಸಲು ಮಾತು ಹೊಳೆಯದ ಅಣ್ಣನೊಬ್ಬ ತನಗೆ ತಿಳಿದಿರುವುದನ್ನು ಅವಳಿಗೆ ತೋರಿಸುತ್ತಾ ಕೂರುವುದು ಎಂಥ ಸಾಂತ್ವನವೆಂಬುದನ್ನು ಈ ಪುಟಗಳು ಹೇಳಿದಷ್ಟು ಚೆನ್ನಾಗಿ ಯಾವ ಉಪದೇಶವೂ ಹೇಳಲಾರದು.

ಈ ಕೊಳಗಳೇ ಮುಂದೆ ಕೇಟ್‌ಳ ವೃತ್ತಿಯಾಗುತ್ತವೆ. ಕಾದಂಬರಿಯ ವರ್ತಮಾನದಲ್ಲಿ ಅವಳು ಟೊರಾಂಟೊ ನಗರದ ವಿಶ್ವವಿದ್ಯಾಲಯವೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕಿ. ನೀರಿನ ಮೇಲ್ಮೈ ಎಳೆತವನ್ನು ತಗ್ಗಿಸುವ ಸಾಬೂನಿನಂಥ ರಾಸಾಯನಿಕಗಳು ಕೊಳಗಳಿಗೆ ಸೇರಿದರೆ ಅಲ್ಲಿನ ಚಿಕ್ಕ ಜೀವಿಗಳಿಗೆ ಏನಾಗುತ್ತದೆಂಬುದು ಅವಳ ಸಂಶೋಧನೆಯ ವಿಷಯ. ನೀರಿನ ಅಣುಗಳು ಒಂದನ್ನೊಂದು ಸೆಳೆದು ಹಿಡಿದಿರುವುದರಿಂದ ಅದರ ಮೇಲ್ಮೈ ಬಿಗಿದ ತೆಳುಪೊರೆಯಂತೆ ವರ್ತಿಸುತ್ತದೆ. ಉದ್ದಕಾಲಿನ ಕೀಟ ನಡೆಯುವುದು ಆ ಪೊರೆಯ ಬಲದ ಮೇಲೆ. ಸಾಬೂನಿನ ಅಂಶ ಬೆರೆತೊಡನೆ ಸೆಳೆತ ಸಡಿಲವಾಗಿ ಅದೇ ಕೀಟ ಅದೇ ನೀರಿನಲ್ಲಿ ಮುಳುಗುತ್ತದೆ. ಲಾಸನ್ ಅವರು ಇದನ್ನು ಎಳೆದು ತಂದು ರೂಪಕವೆಂದು ಸಾರುವುದಿಲ್ಲ, ಸಾರಬೇಕಾಗಿಯೂ ಇಲ್ಲ. ಭಾವನೆಗಳ ಮೇಲ್ಮೈಯಲ್ಲಷ್ಟೇ ಓಡಾಡಿಕೊಂಡು ಬದುಕಿದ ಹೆಣ್ಣೊಬ್ಬಳು ಆರಿಸಿಕೊಂಡ ಸಂಶೋಧನೆ ಯಾವುದೆಂದು ತಿಳಿದಾಗ ಓದುಗನ ಮುಖದಲ್ಲಿ ಸಣ್ಣ ನಗೆ ಮೂಡಿದರೆ ಸಾಕು. ತರಗತಿಯಲ್ಲಿ ಪಾಠ ಹೇಳುತ್ತಿರುವಾಗ ತನ್ನೆದುರಿನ ವಿದ್ಯಾರ್ಥಿಗಳ ಬೇಸರವನ್ನೂ ಮ್ಯಾಟ್ ತನಗೆ ಕಲಿಸುತ್ತಿದ್ದಾಗಿನ ಸಂಭ್ರಮವನ್ನೂ ಹೋಲಿಸಿ ಅವಳು ಮಾತು ತಪ್ಪಿ ನಿಲ್ಲುವ ಸನ್ನಿವೇಶ ವರ್ತಮಾನದ ಭಾಗದಲ್ಲೇ ಅತ್ಯಂತ ಬಲವಾದದ್ದು. ತನ್ನ ಕೈಗೆ ಬಂದಿರುವ ಕೆಲಸ ಇನ್ನೊಬ್ಬನಿಗೆ ಸೇರಬೇಕಾಗಿತ್ತು ಎಂಬ ಭಾವ ಅವಳನ್ನು ಬಿಟ್ಟಿಲ್ಲ.

ಏಕೆಂದರೆ ಮ್ಯಾಟ್ ವಿಶ್ವವಿದ್ಯಾಲಯಕ್ಕೆ ಹೋಗಲಿಲ್ಲ. ಇದನ್ನು ಇಲ್ಲಿ ಹೇಳಿದರೆ ಗುಟ್ಟು ಬಿಟ್ಟುಕೊಟ್ಟಂತಾಗುವುದಿಲ್ಲ, ಏಕೆಂದರೆ ಕೇಟ್ ಇದನ್ನು ಪುಸ್ತಕದ ಆರಂಭದಿಂದಲೇ ಸೂಚಿಸುತ್ತಾ ಬರುತ್ತಾಳೆ; ಹೇಗೆ ಮತ್ತು ಯಾಕೆ ಎಂಬುದನ್ನಷ್ಟೇ ಕೊನೆಯವರೆಗೆ ಕಾಯ್ದಿರಿಸುತ್ತಾಳೆ, ನಾನೂ ಅದನ್ನು ಕಾಯ್ದಿರಿಸುತ್ತೇನೆ. ವರ್ತಮಾನದ ಕಥೆ ಚಲಿಸುವುದು ಮ್ಯಾಟ್‌ನ ಮಗ ಸೈಮನ್‌ಗೆ 18 ತುಂಬುವ ಸಂದರ್ಭದ ಆಮಂತ್ರಣದಿಂದ. ಕೇಟ್‌ಳಿಗೆ ಡೇನಿಯಲ್ ಕ್ರೇನ್ ಎಂಬ ಗೆಳೆಯನಿದ್ದಾನೆ, ಸೂಕ್ಷ್ಮಜೀವಿ ವಿಜ್ಞಾನಿ. ಪ್ರಾಧ್ಯಾಪಕ ದಂಪತಿಯ ಮಗ. ಅವನನ್ನು ಊರಿಗೆ ಕರೆದೊಯ್ದು ಮನೆಯವರಿಗೆ ಪರಿಚಯಿಸಲು ಅವಳು ಹಿಂಜರಿಯುತ್ತಾಳೆ. ಮೇಲುನೋಟಕ್ಕೆ ಅದು ಹಳ್ಳಿಯ ಮನೆಯ ಬಗೆಗಿನ ನಾಚಿಕೆಯಂತೆ ಕಾಣುತ್ತದೆ. ಸ್ವಲ್ಪ ಮುಂದೆ ಹೋದರೆ ಹಳ್ಳಿಯವರ ಮೇಲಿನ ಕಾಳಜಿಯಂತೆ ಕಾಣುತ್ತದೆ. ಇನ್ನೂ ಮುಂದೆ ಹೋದಾಗ, ಡೇನಿಯಲ್‌ನಂಥ ಅದೃಷ್ಟವಂತನ ಪಕ್ಕದಲ್ಲಿ ಮ್ಯಾಟ್‌ನನ್ನು ನಿಲ್ಲಿಸಿ ನೋಡುವ ಧೈರ್ಯ ಅವಳಿಗಿಲ್ಲವೆಂದು ತಿಳಿಯುತ್ತದೆ. ಮ್ಯಾಟ್‌ನ ಬದುಕು ವ್ಯರ್ಥವಾಯಿತೆಂದು ಅವಳು ಮನಸ್ಸಿನಲ್ಲಿ ತೀರ್ಪು ಬರೆದು ಹಲವು ವರ್ಷಗಳಾಗಿವೆ. ಆ ತೀರ್ಪಿನ ಮೇಲೆ ಮ್ಯಾಟ್‌ನ ಅಭಿಪ್ರಾಯವನ್ನು ಅವಳು ಒಮ್ಮೆಯೂ ಕೇಳಿಲ್ಲ.

ಈ ತೀರ್ಪಿನ ಬೇರು ಮನೆತನದ ಒಂದು ಐತಿಹ್ಯದಲ್ಲಿದೆ, ಕಾದಂಬರಿ ತೆರೆದುಕೊಳ್ಳುವುದೂ ಅದರಿಂದಲೇ. ಮಾರಿಸನ್ ಮಕ್ಕಳ ಮುತ್ತಜ್ಜಿ ನೂಲುತ್ತಲೇ ಓದಬೇಕೆಂದು ತನ್ನ ನೂಲಿನ ಚಕ್ರಕ್ಕೆ ಪುಸ್ತಕ ನಿಲ್ಲಿಸುವ ಹಲಗೆಯೊಂದನ್ನು ಜೋಡಿಸಿಕೊಂಡಿದ್ದರಂತೆ. ಒಂದು ಶನಿವಾರ ರಾತ್ರಿ ಓದಿನಲ್ಲಿ ಮೈಮರೆತು, ದುಡಿಯಬಾರದ ಭಾನುವಾರ ಆರಂಭವಾದುದನ್ನೂ ಗಮನಿಸದೆ ನೂಲುತ್ತಲೇ ಇದ್ದರಂತೆ. ಓದಿಗಾಗಿ ಹಂಬಲಿಸಿದ ಆ ಹೆಂಗಸಿನ ಆಸೆ ಮನೆತನದಲ್ಲಿ ತಲೆಮಾರಿನಿಂದ ತಲೆಮಾರಿಗೆ ಒಂದು ವ್ರತದಂತೆ ಇಳಿದು ಬಂದಿದೆ. ಹೊಲದಿಂದ ಮೇಲೆದ್ದು ವಿದ್ಯೆಯ ಕಡೆಗೆ ನಡೆಯುವುದೇ ಬದುಕಿನ ಅರ್ಥ, ಉಳಿದದ್ದೆಲ್ಲ ಸೋಲು ಎಂಬ ಈ ನಂಬಿಕೆಯನ್ನು ಕೇಟ್ ತಾಯಿಹಾಲಿನೊಂದಿಗೆ ಕುಡಿದಿದ್ದಾಳೆ. ಓದಿನಿಂದಲೇ ಮೇಲೆ ಬಂದ ಮನೆಗಳ ಓದುಗರಿಗೆ ಇದು ಅಪರಿಚಿತವಲ್ಲ. ಕೇಟ್‌ಳ ಪರವಾಗಿ ನಾವು ಬೇಗನೆ ನಿಂತುಬಿಡುವುದಕ್ಕೂ ಅದೇ ಕಾರಣ. ಲಾಸನ್ ಅವರ ಜಾಣ್ಮೆಯಿರುವುದು ನಮ್ಮನ್ನು ಹಾಗೆ ಅವಳ ಪಕ್ಕದಲ್ಲಿ ನಿಲ್ಲಿಸಿಕೊಂಡು, ಕೊನೆಗೆ ಅವಳನ್ನು ಕೇಳುವ ಪ್ರಶ್ನೆಯನ್ನು ನಮಗೂ ಕೇಳುವುದರಲ್ಲಿ.

ಈ ಪ್ರಶ್ನೆಯ ಅತ್ಯಂತ ಹರಿತವಾದ ಅಂಚು ಲೂಕ್‌ನ ವಿಷಯದಲ್ಲಿದೆ ಎಂದು ನನ್ನ ಅಭಿಪ್ರಾಯ. ವಿಮರ್ಶೆಗಳಲ್ಲಿ ಸಾಮಾನ್ಯವಾಗಿ ಚರ್ಚೆಯಾಗುವುದು ಮ್ಯಾಟ್ ಮತ್ತು ಕೇಟ್‌ರ ಸಂಬಂಧ. ಆದರೆ ಮೊದಲು ಬಿಟ್ಟುಕೊಟ್ಟವನು ಲೂಕ್. ಅವನ ಕೈಯಲ್ಲಿ ಕಾಲೇಜಿನ ಪತ್ರವಿತ್ತು, ಹೊರಡುವ ದಿನ ಹತ್ತಿರವಾಗಿತ್ತು, ಅವನಿಗೂ ಹತ್ತೊಂಬತ್ತೇ ವರ್ಷ. ಮ್ಯಾಟ್ ಕಳೆದುಕೊಂಡದ್ದಕ್ಕಾಗಿ ಇಡೀ ಪುಸ್ತಕದುದ್ದಕ್ಕೂ ಕೊರಗುವ ಕೇಟ್, ಲೂಕ್ ಕಳೆದುಕೊಂಡದ್ದಕ್ಕಾಗಿ ಕೊರಗುವುದು ತೀರ ಅಪರೂಪ. ಯಾಕೆ? ಅವನು ಮ್ಯಾಟ್‌ನಷ್ಟು ಜಾಣನಲ್ಲ ಎಂಬುದಕ್ಕೆ. ಅಂದರೆ ಬಿಟ್ಟುಕೊಟ್ಟದ್ದರ ಬೆಲೆಯನ್ನು ಅವಳು ಬಿಟ್ಟುಕೊಟ್ಟವನ ಪ್ರತಿಭೆಯಿಂದ ಅಳೆಯುತ್ತಾಳೆ. ಅಸಾಧಾರಣ ಬುದ್ಧಿವಂತನೊಬ್ಬ ಹೊಲದಲ್ಲಿ ದುಡಿದರೆ ದುರಂತ. ಸಾಧಾರಣ ಹುಡುಗನೊಬ್ಬ ತನ್ನ ಯೌವನವನ್ನು ತಂಗಿಯರ ಲಾಲನೆಪಾಲನೆಯಲ್ಲಿ ಕಳೆದರೆ ಅದು ಅವನ ಕರ್ತವ್ಯ. ಕುಟುಂಬಗಳು ತಮ್ಮೊಳಗೇ ಇಟ್ಟುಕೊಂಡಿರುವ ಈ ಒಳತಕ್ಕಡಿಯನ್ನು ಲಾಸನ್ ಅವರು ಬಯಲಿಗೆಳೆಯುವುದು ಲೂಕ್‌ನನ್ನು ಮುನ್ನೆಲೆಗೆ ತರುವುದರಿಂದಲ್ಲ, ಅವನನ್ನು ನಿರೂಪಕಿಯ ಕಣ್ಣಂಚಿನಲ್ಲಿ ಸುಮ್ಮನೆ ಕೆಲಸ ಮಾಡಲು ಬಿಡುವುದರಿಂದ. ಇದು ಉದ್ದೇಶಪೂರ್ವಕವೋ ಅಥವಾ ಲೇಖಕಿಯ ಕಣ್ಣೂ ಮ್ಯಾಟ್‌ನ ಕಡೆಗೇ ವಾಲಿತೋ ಎಂಬ ಅನುಮಾನ ಕೆಲವೆಡೆ ಬಂದರೂ, ಒಟ್ಟು ಪುಸ್ತಕವನ್ನು ನೋಡಿದಾಗ ಉದ್ದೇಶಪೂರ್ವಕವೆಂದೇ ನಾನು ನಂಬುತ್ತೇನೆ.

ಬೆಳೆಯುವಿಕೆಯ ಕಾದಂಬರಿಯೆಂದು ಇದನ್ನು ಕರೆಯುವಾಗಲೂ ಒಂದು ವಿಷಯ ಗಮನಿಸಬೇಕು. ಲೂಕ್ ಒಂದೇ ವಾರದಲ್ಲಿ ದೊಡ್ಡವನಾಗುತ್ತಾನೆ, ಬೇರೆ ದಾರಿಯಿಲ್ಲದ್ದರಿಂದ. ಮ್ಯಾಟ್ ಒಂದು ವರ್ಷದಲ್ಲಿ ದೊಡ್ಡವನಾಗುತ್ತಾನೆ, ತಾನು ಮಾಡಿದ್ದರ ಫಲವನ್ನು ತಾನೇ ಹೊರಬೇಕಾದ್ದರಿಂದ. ಪದವಿ, ಸಂಬಳ, ಸ್ವಂತ ಮನೆ ಎಲ್ಲವೂ ಇರುವ ಕೇಟ್ ಮಾತ್ರ ಇಪ್ಪತ್ತರ ಹರೆಯ ಮುಗಿಯುತ್ತಾ ಬಂದರೂ ಏಳು ವರ್ಷದ ಹುಡುಗಿಯಾಗಿಯೇ ಉಳಿದಿದ್ದಾಳೆ. ಅಣ್ಣ ತನ್ನನ್ನು ಬಿಟ್ಟುಹೋದನೆಂಬ ಆ ಮಗುವಿನ ಮುನಿಸನ್ನು ಅವಳು ಅಣ್ಣನ ಮೇಲಿನ ಕನಿಕರವೆಂದು ತಿಳಿದುಕೊಂಡಿದ್ದಾಳೆ. ಸಮಯಕ್ಕೆ ಸರಿಯಾಗಿ ಅಳದ ದುಃಖ ಹೀಗೆ ಬೇರೆ ಬೇರೆ ವೇಷ ತೊಟ್ಟು ಬರುವುದನ್ನು ಬಲ್ಲವರಿಗೆ ಕೇಟ್ ತುಂಬ ನಿಜವೆನಿಸುತ್ತಾಳೆ. ಅರಿಯದವರಿಗೆ ಅವಳು ಸ್ವಲ್ಪ ಬಿಗುಮಾನದ, ಪ್ರೀತಿಸಲು ಕಷ್ಟವಾದ ನಿರೂಪಕಿಯಾಗಿ ಕಂಡರೂ ಆಶ್ಚರ್ಯವಿಲ್ಲ.

ಇಷ್ಟು ಮೆಚ್ಚಿದ ಮೇಲೂ ಕಾದಂಬರಿಯ ದೋಷಗಳನ್ನು ಮುಚ್ಚಿಡುವ ಅಗತ್ಯ ಕಾಣುವುದಿಲ್ಲ. ಮೊದಲನೆಯದು, ಮುಂದೆ ಬರಲಿರುವ ಅನಾಹುತವನ್ನು ಮತ್ತೆ ಮತ್ತೆ ಸೂಚಿಸುವ ಚಾಳಿ. ಅಂದು ನಮಗೆ ತಿಳಿದಿರಲಿಲ್ಲ, ಅದೊಂದು ಆಗದಿದ್ದರೆ ಎಲ್ಲವೂ ಬೇರೆಯಾಗುತ್ತಿತ್ತು ಎಂಬ ಧಾಟಿಯ ವಾಕ್ಯಗಳು ಅಧ್ಯಾಯದ ಕೊನೆಗಳಲ್ಲಿ ಪದೇ ಪದೇ ಕಾಣಿಸಿಕೊಳ್ಳುತ್ತವೆ. ಮೊದಲ ಎರಡು ಮೂರು ಸಲ ಇದು ಕುತೂಹಲ ಕೆರಳಿಸುತ್ತದೆ. ಆಮೇಲೆ, ಓದುಗ ಪುಸ್ತಕ ಮುಚ್ಚಿಬಿಡುತ್ತಾನೇನೋ ಎಂಬ ಭಯದಿಂದ ಯಾರೋ ತೋಳು ಹಿಡಿದು ಎಳೆಯುತ್ತಿರುವಂತೆ ಭಾಸವಾಗುತ್ತದೆ. ಮಾರಿಸನ್ ಮನೆಯ ಅಡುಗೆಮನೆಯಲ್ಲಿ ನಡೆಯುವ ಸಣ್ಣ ಸಂಗತಿಗಳೇ ನಮ್ಮನ್ನು ಹಿಡಿದಿಡುವಷ್ಟು ಗಟ್ಟಿಯಾಗಿರುವಾಗ ಈ ತಂತ್ರದ ಅಗತ್ಯವಿರಲಿಲ್ಲ.

ಎರಡನೆಯದು ಪೈ ಕುಟುಂಬದ ಕಥೆ. ಮಾರಿಸನ್ನರ ನೆರೆಯ ಒಕ್ಕಲು ಮನೆಯ ಯಜಮಾನ ಕ್ಯಾಲ್ವಿನ್ ಪೈ ಕ್ರೂರಿ. ಅವನ ಮನೆಯಲ್ಲಿ ತಂದೆಯ ಹಿಂಸೆ ತಲೆಮಾರಿನಿಂದ ತಲೆಮಾರಿಗೆ ಇಳಿದು ಬಂದಿದೆ. ಒಂದು ಮನೆಯಲ್ಲಿ ಓದಿನ ಆಸೆ, ಪಕ್ಕದ ಮನೆಯಲ್ಲಿ ಹೊಡೆತ, ಎರಡೂ ವಂಶಪಾರಂಪರ್ಯವಾಗಿ ಹರಿದು ಬರುವುದನ್ನು ಅಕ್ಕಪಕ್ಕದಲ್ಲಿಟ್ಟು ತೋರಿಸುವ ಆಲೋಚನೆ ಚೆನ್ನಾಗಿದೆ. ಕ್ಯಾಲ್ವಿನ್‌ನ ಲಾರಿ ಎಂಬ ಮಗನ ಮೈಮೇಲಿನ ಗಾಯಗಳನ್ನು ಕಂಡೂ ಊರು ಸುಮ್ಮನಿರುವುದನ್ನು, ತಬ್ಬಲಿಗಳ ಮನೆಗೆ ಸಾಲುಗಟ್ಟಿ ಊಟ ಹೊತ್ತು ತರುವ ಅದೇ ಜನ ತಂದೆಯಿರುವ ಮಗುವಿನ ಕಷ್ಟಕ್ಕೆ ಬಾಗಿಲು ತಟ್ಟಲಾರದೆ ಹೋಗುವುದನ್ನು ಲಾಸನ್ ಅವರು ನಿಷ್ಠುರವಾಗಿ ಗಮನಿಸಿದ್ದಾರೆ. ಆದರೆ ಕೊನೆಯ ಭಾಗದಲ್ಲಿ ಈ ಕಥೆಗೆ ಕೊಟ್ಟಿರುವ ತಿರುವು ಕಾದಂಬರಿಯ ಸ್ವಭಾವಕ್ಕೆ ಹೊರಗಿನದು. ಅದುವರೆಗೆ ಮೆಲುದನಿಯಲ್ಲಿ ನಡೆದ ಬರವಣಿಗೆ ಒಮ್ಮೆಲೇ ಭೀಕರವಾಗುತ್ತದೆ. ಮ್ಯಾಟ್‌ನ ನಿರ್ಧಾರಕ್ಕೆ ಒಳಗಿನ ಕಾರಣಗಳೇ ಸಾಕಷ್ಟಿರುವಾಗ ಹೊರಗಿನಿಂದ ಇಷ್ಟು ದೊಡ್ಡ ಆಘಾತವನ್ನು ತಂದು ಹೇರಿದ್ದರಿಂದ ಅವನ ಆಯ್ಕೆಯ ನೈತಿಕ ತೂಕ ಹೆಚ್ಚುವ ಬದಲು ತಗ್ಗಿದೆ. ಬೇರೆ ದಾರಿಯೇ ಇಲ್ಲದವನು ಆಯ್ದುಕೊಂಡದ್ದನ್ನು ಆಯ್ಕೆಯೆನ್ನುವುದು ಹೇಗೆ?

ಕ್ಯಾಲ್ವಿನ್‌ನ ಮಗಳು ಮರೀ, ಮುಂದೆ ಮ್ಯಾಟ್‌ನ ಹೆಂಡತಿಯಾಗುವವಳು, ಈ ಕಾದಂಬರಿಯಲ್ಲಿ ನನಗೆ ಅತ್ಯಂತ ಅತೃಪ್ತಿ ತಂದ ಪಾತ್ರ, ಅದೇ ಹೊತ್ತಿಗೆ ಅತ್ಯಂತ ಮುಖ್ಯವಾದ ಮಾತನ್ನಾಡುವ ಪಾತ್ರ. ಕೇಟ್‌ಳ ಕಣ್ಣಿಗೆ ಅವಳು ಅಣ್ಣನ ಭವಿಷ್ಯವನ್ನು ಕಸಿದುಕೊಂಡವಳು. ಆದ್ದರಿಂದ ಕೇಟ್ ಅವಳನ್ನು ಸರಿಯಾಗಿ ನೋಡುವುದೇ ಇಲ್ಲ, ನಿರೂಪಕಿ ನೋಡದ್ದನ್ನು ನಾವೂ ನೋಡಲಾರೆವು. ಇದು ತಂತ್ರದ ದೃಷ್ಟಿಯಿಂದ ಸರಿ. ಆದರೆ ಕೊನೆಯಲ್ಲಿ ಮರೀ ಬಾಯಿಬಿಟ್ಟು, ಮ್ಯಾಟ್‌ನ ಬದುಕಿನ ಬಗ್ಗೆ ಕೇಟ್ ಪಡುತ್ತಿರುವ ನಿರಾಸೆ ಮ್ಯಾಟ್‌ನದಲ್ಲ, ಕೇಟ್‌ಳದು ಎಂಬರ್ಥದಲ್ಲಿ ಹೇಳುವಾಗ, ಆ ಮಾತು ಎಷ್ಟು ಸತ್ಯವೋ ಅಷ್ಟೇ ಹಠಾತ್ತಾಗಿಯೂ ಬರುತ್ತದೆ. ಇಪ್ಪತ್ತು ವರ್ಷಗಳ ಹತ್ತಿರದ ಸಂಸಾರ ನಡೆಸಿದ, ತಂದೆಯ ಮನೆಯ ನರಕವನ್ನು ದಾಟಿ ಬಂದ ಹೆಂಗಸಿನ ಒಳಬದುಕಿಗೆ ಕಾದಂಬರಿ ಇನ್ನೊಂದು ಹತ್ತು ಪುಟ ಕೊಟ್ಟಿದ್ದರೆ, ಅವಳ ಮಾತು ತೀರ್ಮಾನದಂತೆ ಕೇಳಿಸದೆ ಅನುಭವದಂತೆ ಕೇಳಿಸುತ್ತಿತ್ತು. ಡೇನಿಯಲ್‌ನದೂ ಇದೇ ಕಥೆ. ಒಳ್ಳೆಯವನು, ತಾಳ್ಮೆಯವನು, ಸರಿಯಾದ ಹೊತ್ತಿಗೆ ಸರಿಯಾದ ಪ್ರಶ್ನೆ ಕೇಳುವವನು. ಅದಕ್ಕಿಂತ ಹೆಚ್ಚಿನ ಕೆಲಸ ಅವನಿಗಿಲ್ಲ. ಒಂದು ಸಂಜೆಯ ಸಮಾರಂಭದಲ್ಲಿ ಇಬ್ಬರು ಒಂದೊಂದು ಮಾತು ಹೇಳಿದ್ದಕ್ಕೆ ಅಷ್ಟು ಕಾಲದ ಕುರುಡು ಹರಿದುಹೋಗುವುದು ಅನುಕೂಲಕರವೇ ಹೊರತು ಪೂರ್ತಿ ನಂಬುವಂಥದ್ದಲ್ಲ.

ಹೀಗಿದ್ದರೂ ಪುಸ್ತಕ ಕುಸಿಯುವುದಿಲ್ಲ. ಅದಕ್ಕೆ ಮುಖ್ಯ ಕಾರಣ ಅದರ ಗದ್ಯ. ಕೇಟ್ ವಿಜ್ಞಾನಿ, ಅವಳ ವಾಕ್ಯಗಳೂ ಹಾಗೆಯೇ ನೋಡಿದ್ದನ್ನು ದಾಖಲಿಸುತ್ತವೆ, ವಿಶೇಷಣಗಳನ್ನು ಜಿಪುಣತನದಿಂದ ಬಳಸುತ್ತವೆ, ಒಣ ಹಾಸ್ಯವೊಂದನ್ನು ಒಳಗಿಟ್ಟುಕೊಂಡಿರುತ್ತವೆ. ಸೋದರತ್ತೆ ಆನಿಗೆ ಬಾಲಕಿ ಕೇಟ್ ಬರೆಯುವ ಪತ್ರಗಳಲ್ಲಿ ನಾನು ಚೆನ್ನಾಗಿದ್ದೇನೆ, ಬೋ ಚೆನ್ನಾಗಿದ್ದಾಳೆ ಎಂಬಂಥ ಪುಟ್ಟ ವಾಕ್ಯಗಳಿಗಿಂತ ಹೆಚ್ಚೇನೂ ಇರುವುದಿಲ್ಲ; ಯಾರೂ ಚೆನ್ನಾಗಿಲ್ಲವೆಂದು ತಿಳಿದಿರುವ ಓದುಗನಿಗೆ ಅವು ಪುಟಗಟ್ಟಲೆ ವಿಲಾಪಕ್ಕಿಂತ ಹೆಚ್ಚು ಹೇಳುತ್ತವೆ. ಇಂಗ್ಲಿಷ್ ಕಾದಂಬರಿಗಳನ್ನು ಓದುವ ಅಭ್ಯಾಸ ಅಷ್ಟಾಗಿ ಇಲ್ಲದವರೂ ಇದನ್ನು ಧೈರ್ಯವಾಗಿ ಕೈಗೆತ್ತಿಕೊಳ್ಳಬಹುದು. ಭಾಷೆ ತಿಳಿಯಾಗಿದೆ, ಗಾತ್ರವೂ ಹೆದರಿಸುವಂಥದ್ದಲ್ಲ. ಹಿಂದಿನ ಮತ್ತು ಇಂದಿನ ಕಥೆ ಒಂದಾದ ಮೇಲೊಂದು ಬರುವುದರಿಂದ ಮೊದಲ ಕೆಲವು ಅಧ್ಯಾಯಗಳಲ್ಲಿ ಸ್ವಲ್ಪ ತಾಳ್ಮೆ ಬೇಕಾದೀತು, ಅಷ್ಟೆ. ಹದಿಹರೆಯದವರಿಗೆ ಕೊಡುವ ಯೋಚನೆಯಿದ್ದರೆ, ಪೈ ಕುಟುಂಬದ ಭಾಗದಲ್ಲಿ ಮನೆಯೊಳಗಿನ ಹಿಂಸೆ ಮತ್ತು ಸಾವು ಇರುವುದನ್ನು ದೊಡ್ಡವರು ಮೊದಲೇ ತಿಳಿದಿರುವುದು ಒಳಿತು.

1946ರಲ್ಲಿ ಒಂಟಾರಿಯೊ ಪ್ರಾಂತ್ಯದಲ್ಲಿ ಹುಟ್ಟಿ, ಮ್ಯಾಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಮನಶ್ಶಾಸ್ತ್ರ ಓದಿ, 1968ರಲ್ಲಿ ಇಂಗ್ಲೆಂಡಿಗೆ ಹೋಗಿ ನೆಲೆಸಿದ ಲಾಸನ್ ಅವರ ಈ ಮೊದಲ ಕಾದಂಬರಿ ಪ್ರಕಟವಾದಾಗ ಅವರು ಐವತ್ತು ದಾಟಿದ್ದರು. ಬಿಟ್ಟುಬಂದ ನೆಲವನ್ನು ದೂರದಲ್ಲಿ ಕುಳಿತು ನೆನೆಯುವವರ ಸೂಕ್ಷ್ಮತೆ ಪುಸ್ತಕದ ಪ್ರತಿ ಋತುವಿನ ವರ್ಣನೆಯಲ್ಲೂ ಇದೆ ಎಂದರೆ ಉತ್ಪ್ರೇಕ್ಷೆಯಲ್ಲ. ಮೊದಲ ಕಾದಂಬರಿಗಳಿಗೆ ಕೆನಡಾದಲ್ಲಿ ಆಗ ಕೊಡುತ್ತಿದ್ದ ‘ಬುಕ್ಸ್ ಇನ್ ಕೆನಡಾ’ ಪ್ರಶಸ್ತಿಯೂ ಬ್ರಿಟನ್ನಿನ ಮೆಕಿಟೆರಿಕ್ ಬಹುಮಾನವೂ ಇದಕ್ಕೆ ಸಂದಿವೆ. ಇದನ್ನು ಓದಿ ಮೆಚ್ಚಿದವರು ಮುಂದೆ ಅವರ ‘ದಿ ಅದರ್ ಸೈಡ್ ಆಫ್ ದ ಬ್ರಿಜ್’ (2006) ಕಾದಂಬರಿಯನ್ನು ಹಿಡಿಯುವುದು ಸರಿಯಾದ ಕ್ರಮ. ಮಾರಿಸನ್ ದಂಪತಿ ಸೂಟ್‌ಕೇಸ್ ಕೊಳ್ಳಲು ಹೊರಟಿದ್ದ ಸ್ಟ್ರೂವನ್ ಪಟ್ಟಣದಲ್ಲೇ ನಡೆಯುವ ಆ ಕಥೆಯ ಕೇಂದ್ರದಲ್ಲಿ ಮತ್ತೆ ಅಣ್ಣತಮ್ಮಂದಿರಿದ್ದಾರೆ, ಮತ್ತು ಈ ಸಲ ಲೇಖಕಿಯ ಗಮನ ಓದಿನಲ್ಲಿ ಹಿಂದಿರುವ, ಹೊಲದಲ್ಲಿ ಮಾತಿಲ್ಲದೆ ದುಡಿಯುವ ಅಣ್ಣನ ಮೇಲಿದೆ. ಲೂಕ್‌ಗೆ ಸಿಗದ ಪುಟಗಳು ಅಲ್ಲಿ ಆರ್ಥರ್ ಎಂಬ ಇನ್ನೊಬ್ಬನಿಗೆ ಸಿಕ್ಕಿವೆ.